ಟ್ರಾಫಿಕ್‌ನಲ್ಲಿ ನಿಂತರೆ ಇಂಜಿನ್ ಕಾಯುತ್ತದೆ, ಹೈವೇಯಲ್ಲಿ ಸರಿ ಇರುತ್ತದೆ: ಥರ್ಮೋಸ್ಟಾಟ್ ತೆಗೆಸಬೇಕಾ?

ಬಿಸಿಲೂರ ಹುಡುಗ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಮ್ಮದು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಈಚೆಗೆ ಒಂದು ಕಾಟ ಶುರುವಾಗಿದೆ. ಸಂಜೆ ಸೂಪರ್ ಮಾರ್ಕೆಟ್ ಕಡೆ ಎಸಿ ಹಾಕಿಕೊಂಡು ಟ್ರಾಫಿಕ್‌ನಲ್ಲಿ ನಿಂತರೆ ಟೆಂಪರೇಚರ್ ಮುಳ್ಳು ಅರ್ಧ ದಾಟಿ ಮೇಲೆ ಹೋಗುತ್ತದೆ. ಎಸಿ ಆಫ್ ಮಾಡಿದರೆ ನಿಧಾನಕ್ಕೆ ಇಳಿಯುತ್ತದೆ. ಅದೇ ಗಾಡಿ ಹುಮನಾಬಾದ್ ರೋಡ್ ಹಿಡಿದು 80ರಲ್ಲಿ ಓಡಿದರೆ ಮುಳ್ಳು ಅಲ್ಲಾಡುವುದೇ ಇಲ್ಲ. ಬಾಟಲಿಯಲ್ಲಿ ಕೂಲಂಟ್ (ಇಂಜಿನ್ ತಣಿಸುವ ದ್ರವ) ಲೆವೆಲ್ ಸರಿ ಇದೆ.

ಮನೆ ಹತ್ತಿರದ ಮಿಸ್ತ್ರಿ ನೋಡಿ, "ನಮ್ಮ ಬಿಸಿಲಿಗೆ ಥರ್ಮೋಸ್ಟಾಟ್ ಯಾಕ್ರಿ, ಕಿತ್ತು ಒಗೀತೀನಿ. ಕೂಲಂಟ್ ತೆಗೆದು ನೀರು ಹಾಕಿದ್ರ ತಣ್ಣಗ ಇರ್ತದ" ಎಂದರು. ಮಾಡಿಸಲಾ, ಬೇಡವಾ?

ಯಾದಗಿರಿ ಟ್ಯಾಕ್ಸಿ

ಮಾಡಿಸಿಬಿಡಿ ಅಣ್ಣಾ. ನನ್ನ ಹಳೇ ಡೀಸೆಲ್ ಗಾಡಿಯಲ್ಲಿ ಥರ್ಮೋಸ್ಟಾಟ್ ಇಲ್ಲ, ಕೂಲಂಟೂ ಇಲ್ಲ. ಬೋರ್ ನೀರು ಹಾಕಿಕೊಂಡೇ ಹೈದರಾಬಾದ್‌ಗೆ ಹೋಗಿ ಬರುತ್ತೇನೆ. ಏನೂ ಆಗಿಲ್ಲ.

ಹಳೇ ಪಾನಾ, ಬೀದರ್

ತಡೀರಿ, ತಡೀರಿ. ಥರ್ಮೋಸ್ಟಾಟ್ ಅಂದರೆ ಕೂಲಂಟ್ ರೇಡಿಯೇಟರ್‌ಗೆ ಹೋಗುವ ದಾರಿ ತೆರೆದು ಮುಚ್ಚುವ ಬಾಗಿಲು. ಕಿತ್ತು ಒಗೆಯುವ ಮೊದಲು ಅದು ಏನು ತಪ್ಪು ಮಾಡಿದೆ ಅಂತ ನೋಡೋಣ.

ನಿಂತಾಗ ಕಾಯುತ್ತದೆ, ಓಡುವಾಗ ತಣ್ಣಗಿರುತ್ತದೆ ಅಂದರೆ ಕಾದ ಕೂಲಂಟನ್ನು ಗಾಳಿಯಿಂದ ತಣಿಸುವ ರೇಡಿಯೇಟರ್ ಮೇಲೆ ಗಾಳಿ ಬೀಳುತ್ತಿಲ್ಲ ಅಂತ ಅರ್ಥ. ಓಡುವಾಗ ಎದುರುಗಾಳಿ ತಾನೇ ನುಗ್ಗುತ್ತದೆ. ನಿಂತಾಗ ಫ್ಯಾನ್ ಎಳೆದುಕೊಳ್ಳಬೇಕು. ಥರ್ಮೋಸ್ಟಾಟ್ ಮುಚ್ಚಿಕೊಂಡು ಕೂತಿದ್ದರೆ ಹೈವೇಯಲ್ಲೂ ಕಾಯಬೇಕಿತ್ತು, ಅಲ್ಲಿ ಇನ್ನೂ ಬೇಗ ಕಾಯಬೇಕಿತ್ತು. ಕೆಟ್ಟಿರುವುದು ಒಂದು, ಕೀಳುವುದು ಇನ್ನೊಂದು ಅಂದರೆ ಹೇಗೆ?

ಇದರ ಉಲ್ಟಾನೂ ಹೇಳಿಬಿಡುತ್ತೇನೆ, ಯಾರಿಗಾದರೂ ಬೇಕಾಗುತ್ತದೆ. ಊರೊಳಗೆ ಸರಿ ಇದ್ದು, ಹೈವೇಯಲ್ಲಿ ಲೋಡ್ ಹಾಕಿ ಓಡಿಸಿದಾಗ ಮಾತ್ರ ಕಾದರೆ ರೇಡಿಯೇಟರ್ ಒಳಗಿನ ಕೊಳವೆಗಳು ಕಟ್ಟಿವೆ, ಇಲ್ಲವೇ ಪಂಪ್ ಸರಿಯಾಗಿ ತಳ್ಳುತ್ತಿಲ್ಲ. ಇಂಜಿನ್ ಕಾದಿದೆ, ಆದರೆ ರೇಡಿಯೇಟರ್‌ಗೆ ಬರುವ ಮೇಲಿನ ಹೋಸ್ ಮಾತ್ರ ತಣ್ಣಗಿದೆ ಅಂದರೆ ಆಗ ಥರ್ಮೋಸ್ಟಾಟ್ ಮೇಲೆ ಅನುಮಾನ ಪಡಿ. ಮುಳ್ಳು ಮೇಲಿದ್ದು ಹೀಟರ್‌ನಿಂದ ತಣ್ಣನೆ ಗಾಳಿ ಬಂದರೆ ಒಳಗೆ ಕೂಲಂಟ್ ಕಡಿಮೆಯಾಗಿದೆ ಅಥವಾ ಗಾಳಿ ಸೇರಿಕೊಂಡಿದೆ.

ತಮ್ಮಾ, ನಾಳೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿ ಎಸಿ ಹಾಕಿ, ಬಾನೆಟ್ ಎತ್ತಿ ಫ್ಯಾನ್ ನೋಡು. ಎಸಿ ಹಾಕಿದ ಸ್ವಲ್ಪ ಹೊತ್ತಿಗೆ ಅದು ತಿರುಗಬೇಕು. ಕೈ ಮಾತ್ರ ದೂರ ಇರಲಿ. ಎಷ್ಟೋ ಗಾಡಿಗಳಲ್ಲಿ ಇಂಜಿನ್ ಆಫ್ ಆದಮೇಲೂ ಆ ಫ್ಯಾನ್ ಹೇಳದೆ ಕೇಳದೆ ಶುರುವಾಗುತ್ತದೆ.

ಸುಮ್ನೆ ಓದುಗ

ಕಾಕಾ, ಥರ್ಮೋಸ್ಟಾಟ್ ತೆಗೆದರೆ ನೀರು ಯಾವಾಗಲೂ ರೇಡಿಯೇಟರ್‌ಗೆ ಹೋಗುತ್ತಲೇ ಇರುತ್ತದಲ್ವಾ? ಹಾಗಾದರೆ ಇನ್ನೂ ತಣ್ಣಗಾಗಬೇಕು. ಅದರಲ್ಲಿ ತಪ್ಪೇನು?

ಹಳೇ ಪಾನಾ, ಬೀದರ್

ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಥರ್ಮೋಸ್ಟಾಟ್ ಒಳಗೆ ಮೇಣ ತುಂಬಿದ ಒಂದು ಸಣ್ಣ ಗುಂಡಿ ಇದೆ. ಇಂಜಿನ್ ತಣ್ಣಗಿದ್ದಾಗ ಅದು ಬಾಗಿಲು ಮುಚ್ಚಿರುತ್ತದೆ. ಕೂಲಂಟ್ ರೇಡಿಯೇಟರ್‌ಗೆ ಹೋಗದೆ ಬೈಪಾಸ್ ದಾರಿಯಲ್ಲಿ ಇಂಜಿನ್ ಒಳಗೇ ಸುತ್ತುತ್ತದೆ. ಗಾಡಿಯಿಂದ ಗಾಡಿಗೆ ಬೇರೆ ಇರುತ್ತದೆ, ಆದರೆ ಸಾಮಾನ್ಯವಾಗಿ 82ರಿಂದ 90 ಡಿಗ್ರಿ ಒಳಗೆ ಮೇಣ ಕರಗಿ ಉಬ್ಬಿ, ಕಡ್ಡಿ ತಳ್ಳಿ ಬಾಗಿಲು ತೆರೆಯುತ್ತದೆ.

ಈಗ ಮುಖ್ಯ ಮಾತು. ಎಷ್ಟೋ ಇಂಜಿನ್‌ಗಳಲ್ಲಿ ಅದೇ ಥರ್ಮೋಸ್ಟಾಟ್‌ನ ಹಿಂದೆ ಇನ್ನೊಂದು ತಟ್ಟೆ ಇರುತ್ತದೆ. ಮುಂದಿನ ಬಾಗಿಲು ತೆರೆದಂತೆ ಹಿಂದಿನ ತಟ್ಟೆ ಬೈಪಾಸ್ ದಾರಿ ಮುಚ್ಚುತ್ತದೆ. ಪೂರ್ತಿ ಕಿತ್ತು ಹಾಕಿದರೆ ಬೈಪಾಸ್ ಯಾವಾಗಲೂ ತೆರೆದೇ ಇರುತ್ತದೆ. ನೀರಿಗೆ ಯಾವ ದಾರಿ ಸಲೀಸೋ ಆ ಕಡೆಗೇ ಓಡುತ್ತದೆ. ಕಾದ ನೀರಿನ ಒಂದು ಪಾಲು ರೇಡಿಯೇಟರ್ ಮುಖವನ್ನೇ ನೋಡದೆ ವಾಪಸ್ ಪಂಪ್‌ಗೆ ಬರುತ್ತದೆ. ಅಂಥ ಗಾಡಿ ಮೇ ತಿಂಗಳಲ್ಲಿ ಮೊದಲಿಗಿಂತ ಜಾಸ್ತಿ ಕಾಯಬಹುದು.

ಡಿಸೆಂಬರ್‌ನಲ್ಲಿ ನಮ್ಮ ಬೀದರ್ ಬೆಳಗಿನ ಚಳಿ ನೋಡಿದ್ದೀರಲ್ಲ? ಆಗ ಇಂಜಿನ್ ಬಿಸಿಯಾಗಲು ತುಂಬಾ ಹೊತ್ತು ತೆಗೆದುಕೊಳ್ಳುತ್ತದೆ. ಕಂಪ್ಯೂಟರ್‌ಗೆ ಇಂಜಿನ್ ಇನ್ನೂ ತಣ್ಣಗಿದೆ ಅನಿಸಿ ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಮೈಲೇಜ್ ಬೀಳುತ್ತದೆ. ಸುಡದ ಪೆಟ್ರೋಲ್ ಆಯಿಲ್‌ಗೆ ಇಳಿದು ಅದನ್ನು ತೆಳ್ಳಗೆ ಮಾಡುತ್ತದೆ.

ಅನುಮಾನ ಇದ್ದರೆ ಪರೀಕ್ಷೆ ಸುಲಭ. ಬಿಚ್ಚಿದ ಥರ್ಮೋಸ್ಟಾಟನ್ನು ದಾರ ಕಟ್ಟಿ ಪಾತ್ರೆಯ ನೀರಿನಲ್ಲಿ ತೂಗುಬಿಟ್ಟು ಒಲೆ ಹಚ್ಚಿ. ಕುದಿ ಬರುವುದರೊಳಗೆ ಬಾಯಿ ತೆರೆಯಬೇಕು. ತೆರೆಯಲಿಲ್ಲ ಅಂದರೆ ಹೊಸದು ತಂದು ಹಾಕಿ. ಹಾಕಿ ಅಂತಿದ್ದೇನೆ, ಕಿತ್ತು ಬಿಡಿ ಅಂತಲ್ಲ.

ಪಾಠದ ಅಕ್ಕ, ಕಲಬುರಗಿ

ನಾನು ಪಿಯು ಹುಡುಗರಿಗೆ ಕೆಮಿಸ್ಟ್ರಿ ಹೇಳುವವಳು, ಗಾಡಿ ರಿಪೇರಿ ಗೊತ್ತಿಲ್ಲ. ಆದರೆ "ನಮ್ಮ ಬಿಸಿಲಿಗೆ" ಅನ್ನುವ ಮಾತಿಗೆ ಒಂದು ಲೆಕ್ಕ ಹೇಳುತ್ತೇನೆ.

ಇಂಜಿನ್‌ನಲ್ಲಿ ಸುಟ್ಟ ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗವಷ್ಟೇ ಗಾಡಿ ಓಡಿಸಲು ಸಿಗುತ್ತದೆ. ಇನ್ನೊಂದು ಭಾಗ ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತದೆ. ಹತ್ತಿರಹತ್ತಿರ ಅಷ್ಟೇ ಬಿಸಿಯನ್ನು ಕೂಲಂಟ್ ಹೊತ್ತುಕೊಂಡು ಹೋಗಿ ರೇಡಿಯೇಟರ್‌ನಲ್ಲಿ ಬಿಡಬೇಕು. ರೇಡಿಯೇಟರ್ ಎಷ್ಟು ಬಿಸಿ ಬಿಡುತ್ತದೆ ಅನ್ನುವುದು ಕೂಲಂಟ್‌ಗೂ ಹೊರಗಿನ ಗಾಳಿಗೂ ಎಷ್ಟು ವ್ಯತ್ಯಾಸ ಇದೆ ಅನ್ನುವುದರ ಮೇಲೆ ನಿಂತಿದೆ. ಕೂಲಂಟ್ 95 ಡಿಗ್ರಿ, ಗಾಳಿ 25 ಡಿಗ್ರಿ ಇದ್ದರೆ ವ್ಯತ್ಯಾಸ 70. ನಮ್ಮ ಮೇ ತಿಂಗಳ 43 ಡಿಗ್ರಿಯಲ್ಲಿ ವ್ಯತ್ಯಾಸ 52. ಅಂದರೆ ಅದೇ ರೇಡಿಯೇಟರ್‌ನ ಶಕ್ತಿ ಕಾಲು ಭಾಗ ಕಡಿಮೆಯಾಯಿತು. ಅದರ ಮುಂದೆಯೇ ಎಸಿ ಕಂಡೆನ್ಸರ್ ಕೂತಿರುತ್ತದೆ. ಅದು ಬಿಟ್ಟ ಬಿಸಿಯೂ ಅದೇ ಗಾಳಿಯಲ್ಲಿ ಸೇರಿ ಹಿಂದೆ ಬರುತ್ತದೆ.

ಕಂಪನಿಯವರು ಇದನ್ನೆಲ್ಲ ಲೆಕ್ಕ ಹಾಕಿಯೇ ರೇಡಿಯೇಟರ್ ಕೊಟ್ಟಿರುತ್ತಾರೆ. ಹೊಸ ಗಾಡಿ ಕಲಬುರಗಿ ಬಿಸಿಲಿನಲ್ಲಿ ಕಾಯುವುದಿಲ್ಲ, ಗಮನಿಸಿ. ಆದರೆ ಬೇಸಿಗೆಯಲ್ಲಿ ಕೈಯಲ್ಲಿ ಉಳಿಯುವ ಹೆಚ್ಚುವರಿ ತುಂಬಾ ಕಡಿಮೆ. ಚಳಿಗಾಲದಲ್ಲಿ ಮುಚ್ಚಿಟ್ಟುಕೊಂಡ ದೋಷ ಏಪ್ರಿಲ್‌ನಲ್ಲಿ ಬಯಲಾಗುತ್ತದೆ, ನಾವು ಬಿಸಿಲಿಗೆ ಬೈಯುತ್ತೇವೆ.

ಯಾದಗಿರಿ ಟ್ಯಾಕ್ಸಿ

ಮೇಡಂ, ಲೆಕ್ಕ ಒಪ್ಪಿದೆ. ಆದರೆ ನೀರೇ ಜಾಸ್ತಿ ಬಿಸಿ ಹೀರುತ್ತದೆ ಅಂತ ಶಾಲೆಯಲ್ಲಿ ನೀವೇ ಕಲಿಸಿದ್ದಲ್ಲವಾ? ಮತ್ತೆ ಕೂಲಂಟ್‌ಗೆ ಯಾಕೆ ದುಡ್ಡು ಹಾಕಬೇಕು?

ಪಾಠದ ಅಕ್ಕ, ಕಲಬುರಗಿ

ಒಳ್ಳೇ ಪ್ರಶ್ನೆ. ಬಿಸಿ ಹೊರುವುದರಲ್ಲಿ ಬರೀ ನೀರೇ ಮುಂದೆ, ಅದು ನಿಜ. ಕೂಲಂಟ್‌ನಲ್ಲಿರುವ ಗ್ಲೈಕಾಲ್ ಬೆರೆಸಿದರೆ ಆ ಶಕ್ತಿ ಸ್ವಲ್ಪ ಕಡಿಮೆಯೇ ಆಗುತ್ತದೆ. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಚಳಿಯೂ ಇಲ್ಲ. ಆದರೂ ಕೂಲಂಟ್ ಬೇಕು.

ಅರ್ಧಕ್ಕರ್ಧ ಗ್ಲೈಕಾಲ್ ಬೆರೆತರೆ ಕುದಿಯುವ ಬಿಂದು 107 ಡಿಗ್ರಿ ಹತ್ತಿರ ಹೋಗುತ್ತದೆ. ಅದರ ಮೇಲೆ ರೇಡಿಯೇಟರ್ ಕ್ಯಾಪ್ ಹಿಡಿದಿಡುವ ಒತ್ತಡ ಸೇರಿದರೆ 130ರ ಹತ್ತಿರ. ಬರೀ ನೀರಾದರೆ ಅದೇ ಕ್ಯಾಪ್ ಇದ್ದರೂ 120ರ ಆಸುಪಾಸಿಗೆ ನಿಲ್ಲುತ್ತದೆ. ಇಂಜಿನ್ ಹೆಡ್‌ನಲ್ಲಿ ಎಕ್ಸಾಸ್ಟ್ ವಾಲ್‌ಗಳ ಸುತ್ತ ಜಾಗ ತೀರಾ ಬಿಸಿ. ಅಲ್ಲಿ ನೀರು ಕುದಿದು ಆವಿಯಾದರೆ ಲೋಹಕ್ಕೆ ನೀರು ತಾಗುವುದೇ ಇಲ್ಲ. ಆವಿ ನೀರಿನಷ್ಟು ಬಿಸಿ ಹೊರುವುದಿಲ್ಲ.

ಇದಕ್ಕಿಂತ ದೊಡ್ಡದು ಕೂಲಂಟ್‌ನಲ್ಲಿರುವ ತುಕ್ಕು ತಡೆಯುವ ರಾಸಾಯನಿಕ. ಇಂಜಿನ್ ಒಳಗೆ ಎರಕದ ಕಬ್ಬಿಣ, ಅಲ್ಯೂಮಿನಿಯಂ, ಬೆಸುಗೆಯ ಲೋಹ ಎಲ್ಲ ಒಂದೇ ನೀರಿನಲ್ಲಿ ಮುಳುಗಿರುತ್ತವೆ. ಬರೀ ನೀರಿನಲ್ಲಿ ಒಂದನ್ನು ಇನ್ನೊಂದು ತಿನ್ನಲು ಶುರು ಮಾಡುತ್ತದೆ.

ಈಗ ನಿಮ್ಮ ಬೋರ್ ನೀರಿಗೆ ಬರುತ್ತೇನೆ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಅಲ್ಲೆಲ್ಲ ಸಿಮೆಂಟ್ ಕಾರ್ಖಾನೆಗಳು ಯಾಕೆ ಬಂದವು ಹೇಳಿ? ನೆಲದಡಿ ಸುಣ್ಣದ ಕಲ್ಲು ಇದೆ ಅಂತ. ಆ ಕಲ್ಲಿನ ಸಂದಿಯಲ್ಲಿ ಇಳಿದು ಬಂದ ನೀರು ಕ್ಯಾಲ್ಸಿಯಂ ಕರಗಿಸಿಕೊಂಡೇ ಬರುತ್ತದೆ. ಅದನ್ನು ಕಾಯಿಸಿದರೆ ಬಿಳಿ ಪದರವಾಗಿ ಅಂಟುತ್ತದೆ. ಗೀಸರ್ ಕಾಯಿಲ್ ಬಿಚ್ಚಿದವರಿಗೆ ಗೊತ್ತು. ಆ ಪದರ ಕ್ಯಾಲ್ಸಿಯಂ ಕಾರ್ಬೊನೇಟ್. ನಿಮ್ಮ ಮನೆ ನೆಲಕ್ಕೆ ಹಾಸಿದ ಶಹಾಬಾದ್ ಫರ್ಸಿಯಲ್ಲಿ ಇರುವುದೂ ಮುಖ್ಯವಾಗಿ ಅದೇ. ರೇಡಿಯೇಟರ್ ಒಳಗೆ ನೀವು ಫರ್ಸಿ ಹಾಸುತ್ತಿದ್ದೀರಿ! ಅಲ್ಯೂಮಿನಿಯಂಗೆ ಹೋಲಿಸಿದರೆ ಅದು ಹತ್ತಾರು ಪಟ್ಟು ಕಡಿಮೆ ಬಿಸಿ ದಾಟಿಸುತ್ತದೆ. ಸವಳು ನೀರಾದರೆ ಅದರಲ್ಲಿರುವ ಕ್ಲೋರೈಡ್ ಅಲ್ಯೂಮಿನಿಯಂಗೆ ಸೂಜಿಮೊನೆಯಷ್ಟು ತೂತು ಹಾಕುವುದು ಬೇರೆ.

ಭೀಮಾ ದಂಡೆ, ಜೇವರ್ಗಿ

ಅಕ್ಕಾ, ಆರ್‌ಒ ನೀರು ನಡೆಯುತ್ತಾ? ಎಸಿಯಿಂದ ತೊಟ್ಟಿಕ್ಕುವ ನೀರು ಹಿಡಿದಿಟ್ಟು ಹಾಕುವವರನ್ನೂ ನೋಡಿದ್ದೇನೆ.

ಪಾಠದ ಅಕ್ಕ, ಕಲಬುರಗಿ

ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಎಲ್ಲ ಕಡೆ ಸಿಗುತ್ತದೆ, ಬೆಲೆಯೂ ಕಡಿಮೆ. ಅದು ಇರುವಾಗ ಬೇರೆ ಯಾಕೆ? ಆರ್‌ಒ ಬೋರ್ ನೀರಿಗಿಂತ ಎಷ್ಟೋ ಮೇಲು, ಆದರೆ ಉಪ್ಪು ಪೂರ್ತಿ ಹೋಗಿರುವುದಿಲ್ಲ. ಎಸಿ ನೀರಿನಲ್ಲಿ ಉಪ್ಪಿಲ್ಲ, ಧೂಳು ಮತ್ತು ಕಾಯಿಲ್‌ನ ಕೊಳೆ ಇರುತ್ತದೆ. ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ ಮಾತ್ರ ಸಿಕ್ಕ ನೀರು ಹಾಕಿ ಊರು ಸೇರಿ, ಆಮೇಲೆ ತೆಗೆಸಿ.

ಬಿಸಿಲೂರ ಹುಡುಗ, ಕಲಬುರಗಿ

ಹಳೇ ಪಾನಾ ಕಾಕಾ ಹೇಳಿದಂತೆ ನೋಡಿದೆ. ಎಸಿ ಹಾಕಿದರೆ ಫ್ಯಾನ್ ಸುಮ್ನೆ ನಿಂತಿರುತ್ತದೆ. ಮುಳ್ಳು ಅರ್ಧ ದಾಟಿ ಇನ್ನೂ ಮೇಲೆ ಹೋದ ಮೇಲೆ ಒಮ್ಮೆಲೇ ಬುರ್ ಅಂತ ಜೋರಾಗಿ ತಿರುಗುತ್ತದೆ. ಸ್ವಲ್ಪ ಇಳಿದ ಕೂಡಲೇ ನಿಲ್ಲುತ್ತದೆ. ಹಾಗಾದರೆ ಮೋಟರ್ ಸರಿ ಇದೆ ಅಲ್ವಾ?

ಹಳೇ ಪಾನಾ, ಬೀದರ್

ಸಿಕ್ಕಿತು ನೋಡು. ಮೋಟರ್ ಸರಿ ಇದೆ, ಫ್ಯೂಸೂ ಸರಿ ಇದೆ. ನಿನ್ನ ಫ್ಯಾನ್‌ಗೆ ಎರಡು ಸ್ಪೀಡ್. ಕಡಿಮೆ ಸ್ಪೀಡ್‌ಗೆ ಕರೆಂಟ್ ಒಂದು ರೆಸಿಸ್ಟರ್ ಮೂಲಕ ಬರುತ್ತದೆ. ಅದು ಸುಟ್ಟರೆ ಕಡಿಮೆ ಸ್ಪೀಡ್ ಸತ್ತುಹೋಗುತ್ತದೆ, ಜೋರು ಸ್ಪೀಡ್ ಮಾತ್ರ ಉಳಿಯುತ್ತದೆ. ಅದೂ ತೀರಾ ಕಾದ ಮೇಲೆ ಬರುತ್ತದೆ. ಕೆಲವು ಗಾಡಿಗಳಲ್ಲಿ ರೆಸಿಸ್ಟರ್ ಬದಲು ಬೇರೆ ರಿಲೇ ಇರುತ್ತದೆ, ಅದನ್ನೂ ನೋಡಿಸು. ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗು, ಇಂಜಿನ್ ಮಿಸ್ತ್ರಿ ಹತ್ತಿರ ಬೇಡ.

ಹೋದಾಗ ಇನ್ನೊಂದು ಕೆಲಸ ಮಾಡು. ಮೊಬೈಲ್ ಟಾರ್ಚ್ ಹಚ್ಚಿ ರೇಡಿಯೇಟರ್ ಹಿಂದೆ ಹಿಡಿ, ಮುಂದಿನ ಜಾಲಿಯಿಂದ ನೋಡು. ಬೆಳಕು ಕಾಣದಿದ್ದರೆ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವೆ ಕಸ ತುಂಬಿದೆ.

ತೊಗರಿ ಕಣ, ಆಳಂದ

ಈ ಕಸದ ಮಾತು ನಮ್ಮ ಕಡೆಯವರು ಗೋಡೆಗೆ ಬರೆದು ಹಾಕಿಕೊಳ್ಳಬೇಕು. ತೊಗರಿ ರಾಶಿ ಸಮಯದಲ್ಲಿ ಮಷಿನ್ ಪಕ್ಕ ಜೀಪು ನಿಲ್ಲಿಸಿದರೆ ಹೊಟ್ಟೆಲ್ಲ ರೇಡಿಯೇಟರ್ ಒಳಗೇ. ಹತ್ತಿ ಗಾಡಿ ಹಿಂದೆ ಹೋದರೆ ಹತ್ತಿ ಎಳೆ ಬಂದು ಕೂಡುತ್ತದೆ, ಅದರ ಮೇಲೆ ಹುಳ, ಅದರ ಮೇಲೆ ಧೂಳು. ಒಂದು ಮಳೆ ಬಿದ್ದರೆ ಗಟ್ಟಿ ಮೆತ್ತೆ. ಮುಂದಿನಿಂದ ನೋಡಿದರೆ ಕಂಡೆನ್ಸರ್ ಚೊಕ್ಕ ಕಾಣುತ್ತದೆ, ಹಿಂದಿನದು ಕಾಣುವುದೇ ಇಲ್ಲ.

ತೊಳೆಯುವಾಗ ಇಂಜಿನ್ ಕಡೆಯಿಂದ ಹೊರಗೆ ನೀರು ಬಿಡಬೇಕು. ಮುಂದಿನಿಂದ ಬಿಟ್ಟರೆ ಕಸ ಇನ್ನೂ ಒಳಗೆ ಹೋಗುತ್ತದೆ. ವಾಶಿಂಗ್ ಸೆಂಟರ್ ಹುಡುಗರು ಪ್ರೆಶರ್ ಗನ್ ಹತ್ತಿರ ಹಿಡಿದರೆ ರೇಡಿಯೇಟರ್‌ನ ತೆಳು ಲೋಹದ ಎಲೆಗಳೆಲ್ಲ ಮಡಚಿಕೊಳ್ಳುತ್ತವೆ, ಆಮೇಲೆ ಗಾಳಿಗೆ ದಾರಿಯೇ ಇಲ್ಲ. ಮನೆಯ ಪೈಪ್ ನೀರು ಸಾಕು.

ಕಾಕಾ, ನನ್ನ ಜೀಪಿಗೆ ಕರೆಂಟ್ ಫ್ಯಾನ್ ಇಲ್ಲ, ಬೆಲ್ಟ್ ಫ್ಯಾನ್. ಅದಕ್ಕೆ ಏನು ನೋಡಬೇಕು?

ಹಳೇ ಪಾನಾ, ಬೀದರ್

ಅದರ ನಡುವೆ ಡಬ್ಬಿಯಂಥದ್ದು ಇದೆಯಾ? ಅದು ವಿಸ್ಕಸ್ ಕಪ್ಲಿಂಗ್. ಒಳಗೆ ಸಿಲಿಕೋನ್ ಆಯಿಲ್ ಇರುತ್ತದೆ. ಬಿಸಿಯಾದಾಗ ಫ್ಯಾನನ್ನು ಗಟ್ಟಿ ಹಿಡಿಯುತ್ತದೆ, ತಣ್ಣಗಿದ್ದಾಗ ಸಡಿಲ ಬಿಡುತ್ತದೆ. ಇಂಜಿನ್ ಚೆನ್ನಾಗಿ ಕಾದ ಮೇಲೆ ಬಂದ್ ಮಾಡಿ, ಕೀ ತೆಗೆದು, ಫ್ಯಾನನ್ನು ಕೈಯಿಂದ ತಿರುಗಿಸಿ ನೋಡಿ. ಬಿಗಿ ಇರಬೇಕು. ಸುಮ್ನೆ ಗರಗರ ತಿರುಗಿದರೆ ಆಯಿಲ್ ಸೋರಿಹೋಗಿದೆ. ಡಬ್ಬಿ ಸುತ್ತ ಜಿಡ್ಡಿನ ಮೇಲೆ ಧೂಳು ಕೂತಿದ್ದರೆ ಅದೂ ಅದೇ ಗುರುತು. ಬೆಲ್ಟ್ ಸಡಿಲ ಇದ್ದರೆ ವಾಟರ್ ಪಂಪೂ ನಿಧಾನ ಆಗುತ್ತದೆ, ಅದನ್ನೂ ನೋಡಿ.

ಬಿಸಿಲೂರ ಹುಡುಗ, ಕಲಬುರಗಿ

ರೆಸಿಸ್ಟರೇ ಹೋಗಿತ್ತು. ಬದಲಾಯಿಸಿದ ಮೇಲೆ ಎಸಿ ಹಾಕಿದ ತಕ್ಷಣ ಫ್ಯಾನ್ ಮೆಲ್ಲಗೆ ತಿರುಗುತ್ತದೆ. ಟಾರ್ಚ್ ಬೆಳಕು ಅರ್ಧ ಜಾಗದಲ್ಲಿ ಕಾಣಲೇ ಇಲ್ಲ, ನಡುವಿನಿಂದ ಕಂಬಳಿ ತುಂಡಿನಂತೆ ಕಸ ಕಿತ್ತುಬಂತು. ಈಗ ಜಗತ್ ಸರ್ಕಲ್‌ನಲ್ಲಿ ಎಸಿ ಹಾಕಿ ನಿಂತರೂ ಮುಳ್ಳು ಜಾಗ ಬಿಡುತ್ತಿಲ್ಲ. ಕಾಕಾಗೆ ಶರಣು.

ಎಲೆಕ್ಟ್ರಿಷಿಯನ್ ಒಂದು ಮಾತು ಹೇಳಿದ. ರೇಡಿಯೇಟರ್ ಕ್ಯಾಪ್ ಕುತ್ತಿಗೆ ಸುತ್ತ ಒಣಗಿದ ಹಸಿರು ಕಲೆ ಇದೆ, ಅದನ್ನೂ ಬದಲಾಯಿಸು ಅಂದ. ಬರೀ ಮುಚ್ಚಳ ತಾನೇ?

ಹಳೇ ಪಾನಾ, ಬೀದರ್

ಮುಚ್ಚಳ ಅಂತ ಹಗುರ ಮಾಡಬೇಡ. ಇಡೀ ಸಿಸ್ಟಮ್‌ನ ಒತ್ತಡ ಹಿಡಿದಿಡುವುದೇ ಅದು. ಮೇಲೆ 0.9 ಅಥವಾ 1.1 ಅಂತ ಒತ್ತಡದ ನಂಬರ್ ಬರೆದಿರುತ್ತದೆ, ಹೊಸದು ಅಷ್ಟೇ ನಂಬರ್‌ನದ್ದು ತರಬೇಕು. ಜಾಸ್ತಿ ನಂಬರ್ ಹಾಕಿದರೆ ಹಳೇ ಹೋಸ್ ಒಡೆಯುತ್ತದೆ.

ಅದರಲ್ಲಿ ಎರಡು ವಾಲ್. ಕಾದು ಒತ್ತಡ ಮೀರಿದರೆ ಸ್ಪ್ರಿಂಗ್ ಎದ್ದು ಕೂಲಂಟನ್ನು ಬಾಟಲಿಗೆ ಬಿಡುತ್ತದೆ. ತಣ್ಣಗಾದಾಗ ನಡುವಿನ ಸಣ್ಣ ವಾಲ್ ತೆರೆದು ಬಾಟಲಿಯಿಂದ ವಾಪಸ್ ಎಳೆದುಕೊಳ್ಳುತ್ತದೆ. ಆ ಸಣ್ಣದು ಅಂಟಿಕೊಂಡರೆ ಬೆಳಿಗ್ಗೆ ಬಾನೆಟ್ ಎತ್ತಿದಾಗ ಮೇಲಿನ ಹೋಸ್ ಚಪ್ಪಟೆಯಾಗಿ ಒಳಗೆ ಎಳೆದುಕೊಂಡಿರುತ್ತದೆ. ರಬ್ಬರ್ ಬಿರುಕು ಬಿಟ್ಟಿದ್ದರೆ ಬಾಟಲಿಯಲ್ಲಿ ಲೆವೆಲ್ ಸರಿ ಕಂಡರೂ ರೇಡಿಯೇಟರ್ ಖಾಲಿ ಇರಬಹುದು. ಹಾಗಾಗಿ ಗಾಡಿ ರಾತ್ರಿಯಿಡೀ ನಿಂತ ಮೇಲೆ ಕ್ಯಾಪ್ ತೆಗೆದೂ ನೋಡಬೇಕು. ಕೆಲವು ಗಾಡಿಗಳಲ್ಲಿ ಕ್ಯಾಪ್ ಬಾಟಲಿ ಮೇಲೇ ಇರುತ್ತದೆ, ಅಲ್ಲಿ ಬಾಟಲಿಯೂ ಒತ್ತಡದಲ್ಲೇ ಇರುತ್ತದೆ.

ಕಾದಿರುವಾಗ ಮಾತ್ರ ಯಾರೂ ಮುಟ್ಟಬೇಡಿ. ಒತ್ತಡ ಹೋದ ಕ್ಷಣವೇ ಒಳಗಿನದ್ದೆಲ್ಲ ಒಟ್ಟಿಗೆ ಕುದಿದು ಮುಖಕ್ಕೆ ಹಾರುತ್ತದೆ. ಒದ್ದೆ ಬಟ್ಟೆ ಹಿಡಿದು ತೆಗೆಯುತ್ತೇನೆ ಅನ್ನುವ ಧೈರ್ಯವೂ ಬೇಡ.

ಸುಮ್ನೆ ಓದುಗ

ದಾರಿಯಲ್ಲೇ ಕಾದರೆ? ನನ್ನ ಗಾಡಿಗೆ ಮುಳ್ಳೇ ಇಲ್ಲ, ಬರೀ ಕೆಂಪು ದೀಪ.

ಯಾದಗಿರಿ ಟ್ಯಾಕ್ಸಿ

ಇದು ನನಗೆ ಗೊತ್ತು, ನಾನೇ ಹೇಳುತ್ತೇನೆ. ಮೊದಲು ಎಸಿ ಬಂದ್. ಹೀಟರ್ ಫುಲ್ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರು ಮಾಡಿ, ಕಿಟಕಿ ಇಳಿಸಿ. ಹೀಟರೂ ಒಂದು ಸಣ್ಣ ರೇಡಿಯೇಟರ್ ಇದ್ದಂತೆ, ಇಂಜಿನ್ ಬಿಸಿ ಸ್ವಲ್ಪ ಆ ಕಡೆ ಎಳೆಯುತ್ತದೆ. ಬೆವರು ಕಿತ್ತುಕೊಂಡು ಬರುತ್ತದೆ, ತಡೆದುಕೊಳ್ಳಬೇಕು. ಸೈಡ್‌ಗೆ ಹಾಕಿ. ಕೆಂಪು ದೀಪ ಬಂದಿದ್ದರೆ, ಹೊಗೆ ಏಳುತ್ತಿದ್ದರೆ ಕೂಡಲೇ ಬಂದ್ ಮಾಡಿ. "ಕಟ್ಟಿಸಂಗಾವಿ ಬ್ರಿಡ್ಜ್ ದಾಟಿದರೆ ಜೇವರ್ಗಿ ಬಂತು, ಅಲ್ಲೇ ನಿಲ್ಲಿಸೋಣ" ಅಂತ ಓಡಿಸಬೇಡಿ. ಆ ನಾಲ್ಕು ಕಿಲೋಮೀಟರ್‌ನಲ್ಲೇ ಹೆಡ್ ಬೆಂಡ್ ಆಗುತ್ತದೆ. ಕಾದ ಇಂಜಿನ್ ಮೇಲೆ ತಣ್ಣೀರು ಸುರಿಯಲೂಬಾರದು, ಲೋಹ ಬಿರಿಯುತ್ತದೆ.

ಸಣ್ಣ ಲೀಕ್ ಇದ್ದರೆ ಒಂದು ಹಿಡಿ ಅರಿಶಿನ ಹಾಕಿದರೆ ನಿಲ್ಲುತ್ತದೆ. ಇದು ನಮ್ಮ ಡ್ರೈವರ್‌ಗಳ ಮದ್ದು.

ಹಳೇ ಪಾನಾ, ಬೀದರ್

ಉಳಿದದ್ದೆಲ್ಲ ಸರಿ ಹೇಳಿದೆಯಪ್ಪಾ, ಅರಿಶಿನ ಮಾತ್ರ ಅಡುಗೆಮನೆಯಲ್ಲೇ ಇರಲಿ. ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ತಾಮ್ರ ಹಿತ್ತಾಳೆಯ ರೇಡಿಯೇಟರ್. ಅಗಲ ಕೊಳವೆ. ಕಟ್ಟಿದರೆ ಟ್ಯಾಂಕ್ ಬಿಚ್ಚಿ ಒಳಗೆ ಕಡ್ಡಿ ಹೊಡೆದು ಮತ್ತೆ ಬೆಸುಗೆ ಹಾಕುತ್ತಿದ್ದೆವು. ಈಗಿನದು ಅಲ್ಯೂಮಿನಿಯಂ, ಕೊಳವೆ ತೀರಾ ಸಪೂರ, ಎರಡು ಬದಿ ಪ್ಲಾಸ್ಟಿಕ್ ಟ್ಯಾಂಕ್. ಅರಿಶಿನ ಲೀಕ್ ಜಾಗ ಹುಡುಕಿಕೊಂಡು ಹೋಗುವುದಿಲ್ಲ, ಎಲ್ಲ ಕಡೆ ಕೂಡುತ್ತದೆ, ಹೀಟರ್ ಒಳಗೂ.

ಭೀಮಾ ದಂಡೆ, ಜೇವರ್ಗಿ

ಕೂಲಂಟ್ ಬದಲಾಯಿಸುವುದು ಮನೆಯಲ್ಲೇ ಆಗುತ್ತಾ? ಹಸಿರು, ಕೆಂಪು, ನೀಲಿ ಅಂತ ಅಂಗಡಿಯಲ್ಲಿ ಬಣ್ಣಬಣ್ಣದ್ದು ಇಟ್ಟಿದ್ದಾರೆ. ಯಾವುದು ತರಲಿ?

ಹಳೇ ಪಾನಾ, ಬೀದರ್

ಬಣ್ಣ ನೋಡಿ ತರಬೇಡಿ. ಬಣ್ಣಕ್ಕೆ ಒಂದೇ ನಿಯಮ ಅಂತ ಇಲ್ಲ, ಒಂದೊಂದು ಕಂಪನಿಯದು ಒಂದೊಂದು ಬಣ್ಣ. ಗಾಡಿ ಪುಸ್ತಕದಲ್ಲಿ ಬರೆದ ಜಾತಿಯದ್ದು ತನ್ನಿ. ಹಳೇ ಮಾದರಿಯದು ಸಾಮಾನ್ಯವಾಗಿ ಎರಡು ವರ್ಷ, ಲಾಂಗ್ ಲೈಫ್ ಅನ್ನುವುದು ಐದು ವರ್ಷದ ಆಸುಪಾಸು. ಎರಡು ಜಾತಿ ಬೆರೆಸಿದರೆ ಕೆಲವು ಸಲ ಗಂಜಿಯಾಗಿ ಕೂಡುತ್ತದೆ. "ರೆಡಿ ಟು ಯೂಸ್" ಅಂತ ಇದ್ದರೆ ನೀರು ಬೆರೆಸಬಾರದು. ಕಾನ್ಸಂಟ್ರೇಟ್ ಆದರೆ ಅರ್ಧ ಅದು, ಅರ್ಧ ಡಿಸ್ಟಿಲ್ಡ್.

ಮಾಡುವ ರೀತಿ ಹೇಳುತ್ತೇನೆ. ಇಂಜಿನ್ ಪೂರ್ತಿ ತಣ್ಣಗಿರಬೇಕು. ಕ್ಯಾಪ್ ತೆಗೆದು, ರೇಡಿಯೇಟರ್ ಅಡಿಯ ಡ್ರೈನ್ ಬಿಚ್ಚಿ, ಅದಿಲ್ಲದಿದ್ದರೆ ಕೆಳಗಿನ ಹೋಸ್ ಕ್ಲಾಂಪ್ ಸಡಿಲ ಮಾಡಿ ಕ್ಯಾನ್‌ನಲ್ಲಿ ಹಿಡಿಯಿರಿ. ಡಿಸ್ಟಿಲ್ಡ್ ನೀರು ತುಂಬಿ, ಹೀಟರ್ ಬಿಸಿಗೆ ಇಟ್ಟು, ಮೇಲಿನ ಹೋಸ್ ಬಿಸಿಯಾಗುವ ತನಕ ಓಡಿಸಿ, ಆರಿಸಿ ಮತ್ತೆ ತೆಗೆಯಿರಿ. ತಿಳಿಯಾಗಿ ಬರುವವರೆಗೂ ಇದೇ. ಆದರೆ ತೊಳೆದ ನೀರು ಇಂಜಿನ್ ಬ್ಲಾಕ್ ಒಳಗೆ ಸ್ವಲ್ಪ ಉಳಿದೇ ಇರುತ್ತದೆ. ಅದಕ್ಕೇ ಕೊನೆಯ ಸಲ ಕಾನ್ಸಂಟ್ರೇಟ್ ಒಳ್ಳೆಯದು. ನಿಮ್ಮ ಗಾಡಿ 5 ಲೀಟರ್ ಹಿಡಿಯುತ್ತದೆ ಅಂದರೆ ಮೊದಲು ಎರಡೂವರೆ ಲೀಟರ್ ಕಾನ್ಸಂಟ್ರೇಟ್ ಹಾಕಿ, ಉಳಿದ ಜಾಗಕ್ಕೆ ನೀರು. ಅಳತೆ ತಪ್ಪುವುದಿಲ್ಲ.

ಆಮೇಲೆ ಗಾಳಿ ತೆಗೆಯುವುದು. ಅವಸರದವರು ಇದನ್ನೇ ಬಿಡುತ್ತಾರೆ, ಮರುದಿನ ಗಾಡಿ ಕಾಯುತ್ತದೆ. ಮುಂದಿನ ಗಾಲಿ ಏರು ಜಾಗದಲ್ಲಿ ನಿಲ್ಲಿಸಿ, ಕ್ಯಾಪ್ ತೆಗೆದೇ ತಣ್ಣನೆ ಇಂಜಿನ್ ಸ್ಟಾರ್ಟ್ ಮಾಡಿ. ಮೇಲಿನ ಹೋಸನ್ನು ಒತ್ತಿ ಒತ್ತಿ ಬಿಡಿ. ಗುಳ್ಳೆ ಬರುತ್ತದೆ, ಲೆವೆಲ್ ಇಳಿಯುತ್ತದೆ, ತುಂಬುತ್ತಾ ಹೋಗಿ. ಗುಳ್ಳೆ ನಿಂತು ಫ್ಯಾನ್ ಒಮ್ಮೆ ತಿರುಗಿ ನಿಂತರೆ ಕ್ಯಾಪ್ ಹಾಕಿ. ಕೆಲವು ಗಾಡಿಗೆ ಗಾಳಿ ಬಿಡುವ ಸ್ಕ್ರೂ ಬೇರೆ ಇರುತ್ತದೆ.

ಪಾಠದ ಅಕ್ಕ, ಕಲಬುರಗಿ

ತೆಗೆದ ಕೂಲಂಟನ್ನು ಚರಂಡಿಗೆ, ಅಂಗಳಕ್ಕೆ ಚೆಲ್ಲಬೇಡಿ. ಎಥಿಲೀನ್ ಗ್ಲೈಕಾಲ್ ರುಚಿ ಸಿಹಿ, ಆದರೆ ವಿಷ. ನಾಯಿ, ಕರು ನೆಕ್ಕಿದರೆ ಮೂತ್ರಪಿಂಡ ಹೋಗುತ್ತದೆ. ಮಕ್ಕಳಿರುವ ಮನೆಯಲ್ಲಿ ತಂಪು ಪಾನೀಯದ ಬಾಟಲಿಯಲ್ಲಿ ಅಂತೂ ತುಂಬಿಡಲೇಬೇಡಿ.

ಯಾದಗಿರಿ ಟ್ಯಾಕ್ಸಿ

ಇಷ್ಟೆಲ್ಲ ಓದಿ ನನ್ನ ಗಾಡಿ ಕ್ಯಾಪ್ ತೆಗೆದು ನೋಡಿದೆ. ಬೋರ್ ನೀರು ಹಾಕಿದ್ದು ಚಹಾದ ಬಣ್ಣಕ್ಕೆ ತಿರುಗಿದೆ. ಕುತ್ತಿಗೆ ಒಳಗೆ ಬೆರಳು ಹಾಕಿದರೆ ಕೆಂಪು ರಾಡಿ ಹತ್ತುತ್ತದೆ. ನೀರೂ ಈಚೆಗೆ ಪದೇ ಪದೇ ಕಡಿಮೆಯಾಗುತ್ತಿದೆ, ಕೆಳಗೆ ಎಲ್ಲೂ ತೊಟ್ಟಿಕ್ಕುವುದಿಲ್ಲ. ಕಾಕಾ, ಫ್ಲಶ್ ಮಾಡಿಸಿದರೆ ಸರಿ ಹೋಗುತ್ತಾ?

ಹಳೇ ಪಾನಾ, ಬೀದರ್

ಫ್ಲಶ್ ಆಮೇಲೆ. ನೀರು ಹೊರಗೆ ಕಾಣದೆ ಕಡಿಮೆಯಾಗುತ್ತಿದ್ದರೆ ಮೊದಲು ಹೆಡ್ ಗ್ಯಾಸ್ಕೆಟ್, ಅಂದರೆ ಇಂಜಿನ್ ಹೆಡ್‌ಗೂ ಬ್ಲಾಕ್‌ಗೂ ನಡುವಿನ ಸೀಲ್, ನೋಡಬೇಕು. ಡಿಪ್‌ಸ್ಟಿಕ್ ಎಳೆದು ನೋಡು, ಆಯಿಲ್ ಬೆಳ್ಳಗೆ ನೊರೆ ಕಟ್ಟಿದೆಯಾ? ಇಂಜಿನ್ ಕಾದ ಮೇಲೂ ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರುತ್ತದೆಯಾ? ತಣ್ಣಗಿದ್ದಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ ನೀರಿನಲ್ಲಿ ಒಂದೇ ಸಮನೆ ಗುಳ್ಳೆ ಬರುತ್ತದೆಯಾ? ಜತೆಗೆ ವಾಟರ್ ಪಂಪ್ ಅಡಿಯ ಸಣ್ಣ ತೂತಿನ ಸುತ್ತ ಒಣಗಿದ ಕಲೆ ಇದೆಯಾ ಅಂತಲೂ ನೋಡು. ಸೀಲ್ ಹೋದರೆ ಅಲ್ಲಿಂದ ಸೋರುತ್ತದೆ, ಕಾದ ಇಂಜಿನ್ ಮೇಲೆ ಆರಿಹೋಗಿ ನೆಲಕ್ಕೆ ಬೀಳುವುದಿಲ್ಲ.

ಇನ್ನೊಂದು ಈಗಲೇ ಹೇಳಿಬಿಡುತ್ತೇನೆ. ಇಷ್ಟು ವರ್ಷ ತುಕ್ಕು ಹಿಡಿದ ರೇಡಿಯೇಟರ್‌ನಲ್ಲಿ ಆ ರಾಡಿಯೇ ಕೆಲವು ತೂತು ಮುಚ್ಚಿಕೊಂಡಿರಬಹುದು. ತೊಳೆದರೆ ಸೋರಲು ಶುರುವಾಗುತ್ತದೆ. ಹೊಸ ಕೋರ್‌ಗೆ ದುಡ್ಡು ತೆಗೆದಿಟ್ಟುಕೊಂಡೇ ತೊಳೆಸು. ಹೊಸ ಥರ್ಮೋಸ್ಟಾಟೂ ಹಾಕಿಸು.

ಯಾದಗಿರಿ ಟ್ಯಾಕ್ಸಿ

ಆಯಿಲ್ ಸರಿ ಇದೆ, ಬಿಳಿ ಹೊಗೆನೂ ಇಲ್ಲ. ಪಂಪ್ ಅಡಿಯಲ್ಲಿ ಕಂದು ಕಲೆ ಇದೆ. ಫೋಟೊ ತೆಗೆದಿದ್ದೇನೆ, ಹಾಕುತ್ತೇನೆ ನೋಡಿ ಕಾಕಾ.

ಹಳೇ ಪಾನಾ, ಬೀದರ್

ಹಾಗಾದರೆ ಪಂಪ್. ಗಟ್ಟಿ ಹಿಡಿದು ಪುಲ್ಲಿ ಅಲ್ಲಾಡಿಸಿ ನೋಡು, ಆಟ ಇದ್ದರೆ ಬೇರಿಂಗೂ ಹೋಗಿದೆ. ಅಲ್ಲಿಯತನಕ ಹೈದರಾಬಾದ್ ಬಾಡಿಗೆ ಒಪ್ಪಿಕೊಳ್ಳಬೇಡ.